ನಾಲೆಯ ನೀರು, ಹಿತ್ತಲ ನರಿ

ಅನಿರೀಕ್ಷಿತವಾಗಿ ಒಳಿತಾದವನನ್ನು ಕಂಡು ‘ಏನಯ್ಯಾ, ನರಿ ಮುಖ ನೋಡಿ ಎದ್ದೆಯಾ?’ ಎಂದು ಕೇಳುವುದು ನಮ್ಮಲ್ಲಿ ವಾಡಿಕೆ. ಅದೇ ನರಿ ಕೋಳಿಗೂಡಿನ ಬಳಿ ಸುಳಿದರೆ ದೊಣ್ಣೆ ಹುಡುಕುವುದೂ ವಾಡಿಕೆಯೇ. ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆ ಮನುಷ್ಯನಿಗೂ ನರಿಗೂ ಇರುವ ನೆರೆಹೊರೆಯ ಸಂಬಂಧಕ್ಕೆ ಒಂದು ಚರಿತ್ರೆಯುಂಟು. ಅದರಲ್ಲಿ ಅಣೆಕಟ್ಟೆಯೂ ಇದೆ, ಸಕ್ಕರೆಯೂ ಇದೆ.

ಕೇಳುಗರು ಮೊದಲು ಹೆಸರಿನ ತೊಡಕೊಂದನ್ನು ಬಿಡಿಸಿಕೊಳ್ಳಬೇಕು. ನರಿ ಎಂಬ ಒಂದೇ ಮಾತಿನಿಂದ ನಾವು ಎರಡು ಪ್ರಾಣಿಗಳನ್ನು ಕರೆಯುತ್ತೇವೆ. ಕತ್ತಲಾದೊಡನೆ ಊರಾಚೆ ಊಳಿಡುವುದು ಗುಳ್ಳೆನರಿ. ನಾಯಿಗೂ ತೋಳಕ್ಕೂ ಅದು ದಾಯಾದಿ. ಇನ್ನೊಂದು ಅದಕ್ಕಿಂತ ಬಹಳ ಕಿರಿದು, ಬೂದುಮೈಯದು, ಬಾಲದ ತುದಿ ಕಪ್ಪು. ಬಯಲಿನಲ್ಲಿ ಬಿಲ ತೋಡಿ ಬಾಳುವ ಇದನ್ನು ಬಯಲುನರಿ ಎನ್ನೋಣ. ದುರ್ಗಸಿಂಹನು 11ನೆಯ ಶತಮಾನದಲ್ಲಿ ಕನ್ನಡಿಸಿದ ಪಂಚತಂತ್ರದಂಥ ನಮ್ಮ ಹಳೆಯ ಕಥೆಗಳ ನರಿ ಗುಳ್ಳೆನರಿಯೇ. ಈಸೋಪನ ದ್ರಾಕ್ಷಿಯ ನರಿಯಾದರೋ ಪರದೇಶದ್ದು. ಆ ಕೆಂಪು ನರಿಯ ಚಿತ್ರ ನೋಡಿ ಬೆಳೆದ ಮಕ್ಕಳು, ಹಿತ್ತಲಿಗೆ ಬಂದದ್ದನ್ನು ಬೀದಿನಾಯಿಯೆಂದು ತಿಳಿದರೆ ತಪ್ಪು ಅವರದಲ್ಲ.

ನಾಲೆ ಬರುವ ಮೊದಲು ಈ ಸೀಮೆಯ ಬಹುಭಾಗ ರಾಗಿ, ಹುರುಳಿಗಳ ಬೆದ್ದಲು. ಗದ್ದೆಯೆಂಬುದು ಕೆರೆಯ ಕೆಳಗಷ್ಟೇ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಮೊದಲಾಯಿತು. ಹುಲಿಕೆರೆಯ ಬಳಿ ಸುರಂಗ ಕೊರೆದು ಹರಿಸಿದ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, 1930ರ ದಶಕದ ಆರಂಭದಲ್ಲಿ ಕಾವೇರಿಯನ್ನು ಈ ಬಯಲಿಗೆ ತಂದಿತು. ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ನರ ಪರಿಶ್ರಮದಿಂದ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು.

ಈ ಕಥೆಯನ್ನು ನಾವು ರೈತನ ಕಡೆಯಿಂದ ಎಷ್ಟೋ ಸಲ ಕೇಳಿದ್ದೇವೆ. ನರಿಯ ಕಡೆಯಿಂದ ಅದು ಬೇರೆಯಾಗಿ ಕಾಣುತ್ತದೆ. ಕಬ್ಬು ಹತ್ತು ಹನ್ನೆರಡು ತಿಂಗಳು ನಿಲ್ಲುವ ಬೆಳೆ. ಆಳು ಮುಳುಗುವ ಆ ಹಸಿರಿನೊಳಗೆ ಗುಳ್ಳೆನರಿಗೆ ಹಗಲಿಗೆ ನೆರಳು, ಮರಿಗಳಿಗೆ ಮರೆ. ಊಟಕ್ಕೆ ಗದ್ದೆಯ ಇಲಿ, ಬದುವಿನ ಏಡಿ. ನಡುವೆ ಒಂದಿಷ್ಟು ಕಬ್ಬನ್ನೂ ಅಗಿಯುತ್ತದೆನ್ನಿ. ಬಯಲುನರಿಗಾದರೋ ನೀರು ನಿಂತ ನೆಲದಲ್ಲಿ ಬಿಲವಿಲ್ಲ, ಎತ್ತರದ ಪೈರಿನಲ್ಲಿ ನೋಟವಿಲ್ಲ. ಒಂದೇ ನಾಲೆ ಒಂದಕ್ಕೆ ಮನೆ ಕಟ್ಟಿಕೊಟ್ಟು ಇನ್ನೊಂದನ್ನು ಒಕ್ಕಲೆಬ್ಬಿಸಿತು. ಅದರ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅದು ಊಳಿಡುವ ಪ್ರಾಣಿಯೂ ಅಲ್ಲ.

ಕಬ್ಬಿನ ಕಟಾವಾದಾಗ ಮರೆ ತಪ್ಪಿದ ಗುಳ್ಳೆನರಿ ಹಿತ್ತಲಿಗೆ ಬರುತ್ತದೆ. ಮದ್ದೂರಿನ ಕಡೆಯ ನಮ್ಮ ಅಜ್ಜಿ ದೀಪ ಹಚ್ಚುವ ಮುನ್ನ ಕೋಳಿಗಳ ಮೇಲೆ ಬುಟ್ಟಿ ಕವುಚಿ ಕಲ್ಲು ಹೇರಿಸುತ್ತಿದ್ದರು. ಬಚ್ಚಲ ನೀರು ಕುಡಿದ ಬಾಳೆಯ ಬುಡದಲ್ಲಿ ಬೆಳಗ್ಗೆ ಹೆಜ್ಜೆ ಕಂಡರೆ, ‘ಇಲಿ ಹುಡುಕ್ಕೊಂಡು ಬಂದಿತ್ತು ಕಣಪ್ಪ, ಹೋಯ್ತು’ ಎನ್ನುವರು. ಒಮ್ಮೆ ಒಂದು ಹೇಟೆ ಹೋಯಿತು. ಅಂದು ಬೈಗಳು ಸಿಕ್ಕಿದ್ದು ನರಿಗಲ್ಲ, ಕಲ್ಲು ಹೇರಲು ಮರೆತ ನನಗೆ. ಹಗಲಲ್ಲಿ ಅಂಜದೆ ಮೇಲೆರಗುವ ನರಿಯನ್ನು ಮಾತ್ರ ಅವರು ಹತ್ತಿರ ಸೇರಿಸುತ್ತಿರಲಿಲ್ಲ. ಹುಚ್ಚುನಾಯಿಯ ರೋಗ ಅದಕ್ಕೂ ಬರುವುದುಂಟು.

ಉರುಳು, ವಿಷಗಳ ಮಾತು ಬೇರೆ. ಅದಕ್ಕಿಂತ ವಿಚಿತ್ರವಾದುದು ‘ನರಿಕೊಂಬಿ’ನ ವ್ಯಾಪಾರ. ನರಿಗೆ ಕೊಂಬೇ ಇಲ್ಲ! ಆದರೂ ಮುಖ ಕಂಡರೆ ಸಾಲದೆ ಅದೃಷ್ಟವನ್ನು ಪೆಟ್ಟಿಗೆಯಲ್ಲಿಟ್ಟುಕೊಳ್ಳಲು ಹೊರಟವರಿಗಾಗಿ, 1972ರ ವನ್ಯಜೀವಿ ಕಾಯಿದೆ ಬಂದಮೇಲೂ ನರಿಗಳು ಸತ್ತಿವೆ.

ಅಜ್ಜಿ ಇಂಥದನ್ನು ಮಾರಲು ಬಂದವನಿಗೆ ಮಜ್ಜಿಗೆ ಕೊಟ್ಟು, ‘ನಮ್ಮ ಹಿತ್ತಲಿಗೆ ಮುಖವೇ ಬರ್ತದೆ, ಕೊಂಬು ಯಾಕಪ್ಪ?’ ಎಂದು ಕಳುಹಿಸಿದ್ದರು.