ಹಳೆಯ ಮನೆಗಳ ಮೂಲ ಬಣ್ಣಗಳ ಪತ್ತೆ ಮತ್ತು ಪುನಃಸ್ಥಾಪನೆ

ಹಳೆಯ ಮನೆಯ ದುರಸ್ತಿ ಕೈಗೊಂಡಾಗ ಸಾಮಾನ್ಯವಾಗಿ ಮೊದಲು ನಡೆಯುವ ಕೆಲಸವೆಂದರೆ ಗೋಡೆ ಮತ್ತು ಮರದ ಮೇಲಿನ ಹಳೆಯ ಲೇಪನಗಳನ್ನು ಕೆರೆದು ತೆಗೆಯುವುದು. ಮನೆಯು ಮೊದಲಿಗೆ ಯಾವ ಬಣ್ಣದಲ್ಲಿತ್ತೆಂಬುದಕ್ಕೆ ಬಹುತೇಕ ಕಡೆ ಉಳಿದಿರುವ ದಾಖಲೆ ಈ ಲೇಪನಗಳೇ ಆಗಿರುತ್ತವೆ. ಹಳೆಯ ಛಾಯಾಚಿತ್ರಗಳು ಸಾಮಾನ್ಯವಾಗಿ ಕಪ್ಪು-ಬಿಳುಪಿನವು. ಆದುದರಿಂದ ಕೆರೆಯುವ ಮುನ್ನ ಪರಿಶೀಲನೆ ಅವಶ್ಯಕ.

ಪರಿಶೀಲನೆಯ ವಿಧಾನ

ಮಳೆ, ಬಿಸಿಲು ಹಾಗೂ ಕೈತಾಗುವಿಕೆಗೆ ಒಳಗಾಗದ ಸ್ಥಳಗಳಲ್ಲಿ, ಅಂದರೆ ತೊಲೆಯು ಗೋಡೆಯನ್ನು ಸೇರುವ ಮೂಲೆ, ಗೋಡೆಗೆ ಜೋಡಿಸಿದ ಕಪಾಟಿನ ಹಿಂಭಾಗ ಮುಂತಾದೆಡೆ, ಮೂಲ ಲೇಪನ ಉಳಿದಿರುವ ಸಂಭವ ಹೆಚ್ಚು. ಅಲ್ಲಿ ಹರಿತವಾದ ಸಣ್ಣ ಚಾಕುವಿನಿಂದ ಒಂದೊಂದು ಪದರವನ್ನು ಮೆಟ್ಟಿಲಿನಂತೆ ಬಿಡಿಸುತ್ತಾ ಗಾರೆಯವರೆಗೆ ತಲುಪಿ, ಹಗಲು ಬೆಳಕಿನಲ್ಲಿ ಭೂತಗನ್ನಡಿಯಿಂದ ನೋಡತಕ್ಕದ್ದು. ಎರಡು ಪದರಗಳ ನಡುವೆ ಹೊಗೆ-ಧೂಳಿನ ಕಪ್ಪು ಗೆರೆಯಿದ್ದಲ್ಲಿ, ಕೆಳಗಿನ ಪದರವು ಕೆಲವು ಕಾಲ ಹೊರಗೆ ಕಾಣುತ್ತಿದ್ದ ಬಣ್ಣವೆಂದು ತಿಳಿಯಬಹುದು. ಗೆರೆಯಿಲ್ಲದಿದ್ದಲ್ಲಿ ಅದು ಕೇವಲ ಪ್ರೈಮರ್ ಆಗಿರಬಹುದು. ವರ್ಷಕ್ಕೊಮ್ಮೆ ಹಬ್ಬಕ್ಕೆ ಸುಣ್ಣ ಬಳಿಯುತ್ತಿದ್ದ ಮನೆಗಳಲ್ಲಿ ಹತ್ತಾರು ಪದರಗಳಿರುವುದು ಸಹಜ. ತಾಳ್ಮೆಯಿಲ್ಲದ ಕೆಲಸಗಾರರಿಗೆ ಈ ಕೆಲಸ ವಹಿಸಬಾರದು.

ಅಗಸೆ ಎಣ್ಣೆಯ ಬಣ್ಣಗಳು ಕತ್ತಲೆಯಲ್ಲಿ ಹಳದಿಗಟ್ಟುತ್ತವೆ. ಹೀಗಾಗಿ ಬಿಡಿಸಿದ ಭಾಗವನ್ನು ಕೆಲವು ದಿನ ಬೆಳಕಿಗೆ ಬಿಟ್ಟ ನಂತರವೇ ಬಣ್ಣ ಹೊಂದಿಸತಕ್ಕದ್ದು. ಬಿಳಿ ಪದರದಲ್ಲಿ ಟೈಟಾನಿಯಂ ಡೈಆಕ್ಸೈಡ್ ಇರುವುದು ಪ್ರಯೋಗಾಲಯದಲ್ಲಿ ದೃಢಪಟ್ಟಲ್ಲಿ, ಆ ಪದರವು 1910ರ ದಶಕಕ್ಕಿಂತ ಹಿಂದಿನದಲ್ಲ.

ಉತ್ತರ ಕನ್ನಡ ಮತ್ತು ಕರಾವಳಿಯ ಮನೆಗಳಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಹಸಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟು, ಅದನ್ನು ಗೀರಿ ಬಿಳಿಯ ಗಾರೆ ಕಾಣುವಂತೆ ಮಾಡುವ ಕಾವಿ ಚಿತ್ರಗಳು ನಂತರದ ಸುಣ್ಣದಡಿ ಮರೆಯಾಗಿರಬಹುದು. ಒಮ್ಮೆ ಕೆರೆದರೆ ಅವು ಮರಳಿ ದೊರೆಯುವುದಿಲ್ಲ.

ಸೀಸದ ಅಪಾಯ

ಬಾಗಿಲು, ಕಿಟಕಿಗಳ ಹಳೆಯ ಎಣ್ಣೆ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯಿದೆ. ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷ ಭಾಗಗಳಿಗೆ 90 ಭಾಗಗಳಿಗೆ ಮಿತಿಗೊಳಿಸಿದ ಕೇಂದ್ರದ ನಿಯಮಗಳು 2016ರಲ್ಲಿ ಪ್ರಕಟವಾದವು. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದ ಸ್ಥಿತಿಯಲ್ಲಿ ಉಜ್ಜುವುದಾಗಲಿ ಸುಡುವುದಾಗಲಿ ಕೂಡದು. ಆ ಧೂಳು ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿಕರ. ನೀರು ಚಿಮುಕಿಸಿ, ಮುಖಕ್ಕೆ ಸೂಕ್ತ ರಕ್ಷಣೆ ಧರಿಸಿ, ಮಕ್ಕಳು ಮತ್ತು ಗರ್ಭಿಣಿಯರನ್ನು ದೂರವಿರಿಸಿ ಕೆಲಸ ಮಾಡತಕ್ಕದ್ದು.

ಮರುಲೇಪನ

ಬಣ್ಣ ಹೊಂದಿದರೆ ಸಾಲದು, ವಸ್ತುವೂ ಹೊಂದಬೇಕು. ಸುಣ್ಣದ ಗಾರೆಯ ಗೋಡೆಯು ತೇವವನ್ನು ಹೀರಿ ಹೊರಬಿಡುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ತೇವವು ಒಳಗೇ ಉಳಿದು ಗಾರೆ ಉದುರತೊಡಗುತ್ತದೆ. ಅರಳಿದ ಸುಣ್ಣಕ್ಕೆ ಕೆಮ್ಮಣ್ಣು ಅಥವಾ ಹಳದಿ ಮಣ್ಣನ್ನು ಬೆರೆಸಿದ ತೆಳು ಲೇಪನವನ್ನು ಹಲವು ಬಾರಿ ಕೊಡುವುದು ಉತ್ತಮ. ಪ್ರಷ್ಯನ್ ನೀಲಿಯು ಸುಣ್ಣದಲ್ಲಿ ಬಾಳುವುದಿಲ್ಲ. ಸುಣ್ಣದ ಬಣ್ಣ ಒಣಗಿದ ಮೇಲೆ ಸಾಕಷ್ಟು ತಿಳಿಯಾಗುವುದರಿಂದ, ಗೋಡೆಯ ಒಂದು ಭಾಗದಲ್ಲಿ ಮಾದರಿ ಬಳಿದು, ಪೂರ್ಣ ಒಣಗಿದ ನಂತರ ತೀರ್ಮಾನಿಸತಕ್ಕದ್ದು.

ಸಂರಕ್ಷಿತ ಸ್ಮಾರಕವೆಂದು ಘೋಷಿತವಾದ ಕಟ್ಟಡಗಳಲ್ಲಿ ಮೇಲಿನ ಪರಿಶೀಲನೆಗೂ ಮುನ್ನ ಸಂಬಂಧಪಟ್ಟ ಪುರಾತತ್ವ ಇಲಾಖೆಯ ಲಿಖಿತ ಅನುಮತಿ ಪಡೆಯತಕ್ಕದ್ದು. ಇತರ ಮನೆಗಳ ಮಾಲೀಕರು ಬಿಡಿಸಿದ ಪದರಗಳ ಛಾಯಾಚಿತ್ರ ತೆಗೆದು, ಸ್ಥಳದ ಹೆಸರು ಬರೆದ ಲಕೋಟೆಯಲ್ಲಿ ಚೂರುಗಳನ್ನು ಇರಿಸಿಕೊಳ್ಳುವುದು ಸೂಕ್ತ.