ದೂರದರ್ಶನ ವಾರ್ತೆ: ಪಕ್ಷಪಾತ ಮತ್ತು ಪ್ರಮಾದ

ದೂರದರ್ಶನದ ವಾರ್ತೆಗಳ ಮೇಲಿನ ಆಕ್ಷೇಪಗಳು ಎರಡು ಬಗೆಯವು: ಪಕ್ಷಪಾತ ಹಾಗೂ ಪ್ರಮಾದ. 2014ರಲ್ಲಿ ಗುಜರಾತಿಗೆ ಸಂಬಂಧಿಸಿದಂತೆ ಎರಡಕ್ಕೂ ನಿದರ್ಶನ ದೊರೆಯಿತು.

ಆ ವರ್ಷ ನರೇಂದ್ರ ಮೋದಿಯವರು ವಡೋದರಾ ಮತ್ತು ವಾರಾಣಸಿಗಳಿಂದ ಲೋಕಸಭೆಗೆ ಸ್ಪರ್ಧಿಸಿದ್ದರು. ಏಪ್ರಿಲ್ 30ರಂದು ಗುಜರಾತಿನಲ್ಲಿ ಮತದಾನ. ಅದಕ್ಕೆ ಕೆಲವೇ ದಿನ ಮೊದಲು ದೂರದರ್ಶನ ಬಿತ್ತರಿಸಿದ ಅವರ ಸಂದರ್ಶನದಲ್ಲಿ ಪ್ರಿಯಾಂಕಾ ಗಾಂಧಿ ಹಾಗೂ ಭರೂಚ್ ಜಿಲ್ಲೆಯವರಾದ ಕಾಂಗ್ರೆಸ್ ಮುಖಂಡ ಅಹ್ಮದ್ ಪಟೇಲರ ಕುರಿತ ಮಾತುಗಳು ಕತ್ತರಿಸಲ್ಪಟ್ಟಿದ್ದವು. ಅಂದು ಕೇಂದ್ರದಲ್ಲಿದ್ದುದು ಕಾಂಗ್ರೆಸ್ ನೇತೃತ್ವದ ಸರಕಾರ. ಸಚಿವ ಮನೀಶ್ ತಿವಾರಿಯವರು ಹಸ್ತಕ್ಷೇಪವನ್ನು ಅಲ್ಲಗಳೆದರು. ಪ್ರಸಾರ ಭಾರತಿಯ ಮುಖ್ಯ ಕಾರ್ಯನಿರ್ವಾಹಕ ಜವಹರ್ ಸರ್ಕಾರ್ ಮಂಡಳಿಗೆ ಪತ್ರ ಬರೆದು ಸ್ವಾಯತ್ತತೆಯ ಕೊರತೆಯನ್ನು ಎತ್ತಿ ತೋರಿಸಿದರು. ಸರಕಾರ ಬದಲಾದ ಮೇಲೆ, ಅಕ್ಟೋಬರ್ 3ರಂದು, ಆರೆಸ್ಸೆಸ್ ಮುಖ್ಯಸ್ಥರ ವಿಜಯದಶಮಿ ಭಾಷಣದ ನೇರ ಪ್ರಸಾರಕ್ಕೆ ಅಂದಿನ ಪ್ರತಿಪಕ್ಷಗಳು ಆಕ್ಷೇಪವೆತ್ತಿದವು.

ಸೆಪ್ಟೆಂಬರ್ 17ರಂದು ಚೀನದ ಅಧ್ಯಕ್ಷ ಷಿ ಜಿನ್‌ಪಿಂಗ್ ಅಹಮದಾಬಾದಿಗೆ ಬಂದಿಳಿದರು. ಆ ಭೇಟಿಯ ವಾರ್ತೆಯಲ್ಲಿ ವಾಚಕಿಯೊಬ್ಬರು ‘ಷಿ’ ಎಂಬುದರ ರೋಮನ್ ಅಕ್ಷರಗಳನ್ನು ಅಂಕಿಯೆಂದು ಭಾವಿಸಿ ‘ಇಲೆವೆನ್’ ಎಂದು ಓದಿದರು; ಕೆಲಸ ಕಳೆದುಕೊಂಡರು.

ಪ್ರಸಾರ ಭಾರತಿ ಕಾಯಿದೆ 1990ರದು. ಜಾರಿಗೆ ಬಂದದ್ದು 1997ರಲ್ಲಿ. ಸಂಸ್ಥೆ ಸ್ವಾಯತ್ತವೆಂದರೂ, 23ನೆಯ ಕಲಮಿನಂತೆ ಕೇಂದ್ರವು ನಿರ್ದೇಶನ ನೀಡಬಹುದು. ಹಣವೂ ಬಹುಪಾಲು ಸರಕಾರದ್ದೇ. ಪಕ್ಷ ಬದಲಾದರೂ ದೂರು ಉಳಿಯುವುದು ಇದರಿಂದಲೇ.

ಓದಿನ ತಪ್ಪು ಕಿವಿಗೆ ಬೀಳುತ್ತದೆ. ಕತ್ತರಿಸಿದ ಮಾತು ಬೀಳುವುದಿಲ್ಲ. ಆದ್ದರಿಂದ ಅಹಮದಾಬಾದ್, ವಡೋದರಾ, ಸೂರತ್‌ಗಳ ಕನ್ನಡಿಗರು ಚುನಾವಣೆಯ ದಿನಗಳಲ್ಲಾದರೂ ಒಂದೇ ವಾರ್ತೆಯನ್ನು ಎರಡು ಕಡೆ ನೋಡುವುದು ಒಳಿತು.