ಸದ್ದು ಮಾಡಬಾರದ ಮಕ್ಕಳು

ಮಕ್ಕಳಿರುವ ಮನೆಯಲ್ಲಿ ಗದ್ದಲವಿರುವುದು ಸಹಜ. ಆದರೆ ಮಗು ಗಟ್ಟಿಯಾಗಿ ಅತ್ತರೆ ಸಂಸಾರವೇ ಚದುರಿಹೋದೀತೆಂದು ಅಂಜಿ ಬದುಕಿದ ಸಾವಿರಾರು ಕುಟುಂಬಗಳು, ಯೂರೋಪಿನ ಸಿರಿವಂತ ದೇಶಗಳಲ್ಲೊಂದಾದ ಸ್ವಿಟ್ಜರ್ಲೆಂಡಿನಲ್ಲಿದ್ದವು. ಕೆಲಸಕ್ಕೆ ಹೊರಡುವ ಮುನ್ನ ತಂದೆತಾಯಿ ಮಕ್ಕಳಿಗೆ ಹೇಳಿಕೊಡುತ್ತಿದ್ದ ಪಾಠ ಒಂದೇ: ಕಿಟಕಿಯ ಬಳಿ ಸುಳಿಯಬೇಡ, ಬಾಗಿಲು ತಟ್ಟಿದರೆ ಉಸಿರೆತ್ತಬೇಡ. ಮುಂದೆ ಜರ್ಮನ್ ಭಾಷೆಯಲ್ಲಿ ಇವರಿಗೆ ‘ಬೀರುವಿನ ಮಕ್ಕಳು’ ಎಂಬ ಹೆಸರೇ ಬಿದ್ದಿತು. ಇವರು ಮಾಡಿದ ಅಪರಾಧವಾದರೂ ಏನು? ವಾಸದ ಪರವಾನಗಿ ಇಲ್ಲದಿದ್ದುದು, ಅಷ್ಟೇ.

ಇದರ ಮೂಲ, 1931ರಲ್ಲಿ ರಚಿತವಾಗಿ 1934ರಲ್ಲಿ ಜಾರಿಗೆ ಬಂದ ವಿದೇಶೀಯರ ಕಾನೂನಿನಲ್ಲಿದೆ. ಅದರನ್ವಯ ಹಂಗಾಮಿ ಕೆಲಸಗಾರನು ವರ್ಷಕ್ಕೆ ಹೆಚ್ಚೆಂದರೆ 9 ತಿಂಗಳು ದುಡಿದು, ಬಳಿಕ ದೇಶ ಬಿಟ್ಟು ಹೋಗಬೇಕಿತ್ತು. ಹಂಗಾಮಿನ ನಡುವೆ ಮಾಲೀಕನನ್ನು ಬದಲಿಸುವಂತಿರಲಿಲ್ಲ. ಮಡದಿ ಮಕ್ಕಳನ್ನು ಕರೆತರುವಂತೆಯೂ ಇರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಅಲ್ಲಿನ ಉದ್ಯಮಗಳಿಗೆ ಕೈಗಳು ಸಾಲದೇ ಹೋದಾಗ, 1948ರಲ್ಲಿ ಇಟಲಿಯೊಡನೆ ಒಪ್ಪಂದವಾಯಿತು. ಇಟಲಿಯವರ ಹಿಂದೆ ಸ್ಪೇನ್, ಪೋರ್ಚುಗಲ್, ಯುಗೋಸ್ಲಾವಿಯಗಳ ಜನರೂ ಬಂದರು. ಅಣೆಕಟ್ಟು, ಸುರಂಗ, ಹೆದ್ದಾರಿಗಳನ್ನು ಕಟ್ಟಿದವರು ಇವರು. ಹೋಟೆಲುಗಳಲ್ಲಿ ಪಾತ್ರೆ ತೊಳೆದವರೂ ಇವರೇ. ಕಿಯಾಸೊ, ಬ್ರಿಗ್ ಮುಂತಾದ ಗಡಿ ನಿಲ್ದಾಣಗಳಲ್ಲಿ ಅಂಗಿ ಕಳಚಿಸಿ ಇವರ ದೇಹವನ್ನು ತಪಾಸಣೆ ಮಾಡುತ್ತಿದ್ದರು. ಊರಲ್ಲಿ ಬಿಟ್ಟುಬಂದ ಕೂಸು ಮಾತ್ರ ಯಾರ ಲೆಕ್ಕದಲ್ಲೂ ಇರಲಿಲ್ಲ.

ಮಕ್ಕಳಿಗಾಗಿ ಅರ್ಜಿ ಹಾಕುವ ದಾರಿ ಇರಲೇ ಇಲ್ಲವೆಂದಲ್ಲ. ಅದು ಬಲು ದೀರ್ಘವಾಗಿತ್ತು. 1964ರಲ್ಲಿ ಇಟಲಿಯೊಡನೆ ಆದ ಹೊಸ ಒಪ್ಪಂದದ ಪ್ರಕಾರ, ಐದು ವರ್ಷಗಳಲ್ಲಿ ಒಟ್ಟು 45 ತಿಂಗಳು ದುಡಿದವನು ವಾರ್ಷಿಕ ಪರವಾನಗಿಯನ್ನು ಕೇಳಬಹುದಿತ್ತು. ಅದು ದೊರೆತ ಮೇಲೂ ಕುಟುಂಬವನ್ನು ಕರೆತರಲು 18 ತಿಂಗಳು ಕಾಯಬೇಕು, ತಕ್ಕ ಮನೆಯನ್ನು ತೋರಿಸಬೇಕು. ಮಾಲೀಕನು ಕೆಲಸವನ್ನು ಕೆಲವೇ ವಾರ ಮೊದಲು ನಿಲ್ಲಿಸಿದರೂ ಲೆಕ್ಕ ತಪ್ಪುತ್ತಿತ್ತು. ತೊಟ್ಟಿಲ ಕೂಸು ಅಷ್ಟರಲ್ಲಿ ಶಾಲೆಗೆ ಹೋಗುವ ವಯಸ್ಸಿಗೆ ಬಂದಿರುತ್ತಿತ್ತು.

ಹೆತ್ತವರ ಮುಂದಿದ್ದ ದಾರಿಗಳು ಮೂರು: ಅಜ್ಜಿಯ ಮಡಿಲಲ್ಲಿ ಬಿಡುವುದು, ಗಡಿಯಾಚೆ ಇಟಲಿಯ ದೊಮೊದೊಸೊಲಾ, ಕೊಮೊ ಮುಂತಾದೆಡೆ ಇದ್ದ ಮಕ್ಕಳ ನಿಲಯಗಳಿಗೆ ಸೇರಿಸುವುದು, ಇಲ್ಲವೇ ಬಚ್ಚಿಟ್ಟು ಸಾಕುವುದು. 1970ರ ದಶಕದಲ್ಲಿ ಹೀಗೆ ಅಡಗಿದ್ದ ಮಕ್ಕಳು 10ರಿಂದ 15 ಸಾವಿರವೆಂದು ಅಂದಾಜಿಸಲಾಗಿದೆ. ಇವರಿಗೆ ಶಾಲೆಯಿಲ್ಲ, ಬೀದಿಯ ಆಟವಿಲ್ಲ. ಜ್ವರ ಬಂದರೆ ವೈದ್ಯರ ಬಳಿಗೆ ಒಯ್ಯಲೂ ಭಯ. ನೆರೆಯವರ ಒಂದು ದೂರು ಸಾಕಿತ್ತು, ಮಗುವನ್ನು ಗಡಿ ದಾಟಿಸುವ ಆಜ್ಞೆ ಬರಲು. ಆ ಕಷ್ಟಕಾಲದಲ್ಲಿ ವಲಸಿಗರಿಗೆ ಆಸರೆಯಾದವುಗಳಲ್ಲಿ ಇಟಲಿಯ ಕಥೋಲಿಕ ಸೇವಾಕೇಂದ್ರಗಳೂ ಇದ್ದವು. ಅವು ವಲಸೆ ಕಾರ್ಮಿಕರ ಮಕ್ಕಳಿಗಾಗಿ ಶಿಶುವಿಹಾರಗಳನ್ನು ನಡೆಸಿದವು.

1970ರ ಜೂನ್ 7ರಂದು, ವಿದೇಶೀಯರ ಸಂಖ್ಯೆಯನ್ನು ಕಡಿತಗೊಳಿಸಬೇಕೆಂಬ ಜೇಮ್ಸ್ ಶ್ವಾರ್ಟ್ಸೆನ್‌ಬಾಖ್ ಎಂಬ ರಾಜಕಾರಣಿಯ ಪ್ರಸ್ತಾಪ ಜನಮತಕ್ಕೆ ಬಂದಿತು. ಶೇಕಡಾ 54ರಷ್ಟು ಮತದಾರರು ಅದನ್ನು ತಿರಸ್ಕರಿಸಿದರು. ಆದರೂ ಶೇಕಡಾ 46ರಷ್ಟು ಮಂದಿ ಒಪ್ಪಿದ್ದರೆಂಬುದನ್ನು ವಲಸಿಗರು ಮರೆಯಲಿಲ್ಲ. 1990ರ ಸುಮಾರಿಗೆ ಜಿನೀವಾ ಮೊದಲಾದ ಪ್ರಾಂತಗಳು ಪರವಾನಗಿ ಇಲ್ಲದ ಮಕ್ಕಳಿಗೂ ಶಾಲೆಯ ಬಾಗಿಲನ್ನು ತೆರೆದವು. 1997ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸೇರುವಾಗಲೂ ಸ್ವಿಟ್ಜರ್ಲೆಂಡ್, ಕುಟುಂಬದ ಮರುಮಿಲನದ ವಿಷಯದಲ್ಲಿ ತನ್ನ ವಿನಾಯಿತಿಯನ್ನು ಉಳಿಸಿಕೊಂಡಿತು. ಕೊನೆಗೆ 2002ರ ಜೂನ್ 1ರಂದು ಯೂರೋಪಿಯನ್ ಒಕ್ಕೂಟದೊಡನೆ ಮಾಡಿಕೊಂಡ ಮುಕ್ತ ಸಂಚಾರದ ಒಪ್ಪಂದ ಜಾರಿಗೆ ಬಂದು, ಹಂಗಾಮಿ ಪರವಾನಗಿಯ ಪದ್ಧತಿ ಕೊನೆಗೊಂಡಿತು. ಒಕ್ಕೂಟದ ಪ್ರಜೆಯಾದ ಕೆಲಸಗಾರನು 21 ವರ್ಷದೊಳಗಿನ ತನ್ನ ಮಕ್ಕಳಿಗೆ ವಾಸದ ಪರವಾನಗಿಯನ್ನು ಹಕ್ಕಿನಿಂದ ಕೇಳುವಂತಾಯಿತು.

ಅಂದು ಅಡಗಿದ್ದವರು ಇಂದು ನಡುವಯಸ್ಸನ್ನು ದಾಟಿದ್ದಾರೆ. 2021ರಲ್ಲಿ ಅವರು ‘ತೆಸೋರೊ’ ಎಂಬ ಸಂಘವನ್ನು ಕಟ್ಟಿಕೊಂಡು, ಸರ್ಕಾರವು ಕ್ಷಮೆ ಕೇಳಬೇಕೆಂದು ಆಗ್ರಹಿಸುತ್ತಿದ್ದಾರೆ. ಇಟಲಿಯ ಭಾಷೆಯಲ್ಲಿ ಆ ಪದಕ್ಕೆ ನಿಧಿ ಎಂದರ್ಥ. ತಾಯಂದಿರು ಮಕ್ಕಳನ್ನು ಮುದ್ದಿನಿಂದ ಕರೆಯುವ ಮಾತೂ ಅದೇ. ಮಗುವಿನ ಹೆಸರಿನ ಪರವಾನಗಿ ನಮಗೆ ಬರಿಯ ಕಾಗದವಾಗಿ ಕಾಣಬಹುದು. ಆದರೆ ಅದು ಕೈಗೆ ಬಂದ ದಿನವೇ ಆ ಮನೆಯ ಮಗು ಕಿಟಕಿಯ ಬಳಿ ನಿಂತು ಗಟ್ಟಿಯಾಗಿ ನಗಬಹುದಿತ್ತು.